ಗಯಟೆಯ ಜನ್ಮಗೃಹವೂ ಅದರ ಪುನರ್ನಿರ್ಮಾಣವೂ

೧

ಮಹಾಪುರುಷರು ಹುಟ್ಟಿ ಬೆಳೆದ ಮನೆಗಳನ್ನು ಕಾಪಾಡಿಟ್ಟು, ನೋಡಬಂದವರಿಗೆ ಅವನ್ನು ತೆರೆದು ತೋರಿಸುವ ಸಂಪ್ರದಾಯವು ಐರೋಪ್ಯ ದೇಶಗಳಲ್ಲಿ ಚೆನ್ನಾಗಿ ಬೇರೂರಿರುತ್ತದೆ. ಭರತಖಂಡದಲ್ಲಾದರೋ ಪ್ರಾಚೀನ ಕವಿಗಳ ಗ್ರಂಥಗಳು ಉಳಿದಂತೆ ಅವರ ಮನೆಗಳು ಉಳಿದುಬಂದಿಲ್ಲ. ಕಾಳಿದಾಸನ ಜನ್ಮಸ್ಥಳವು ಯಾವುದೆಂಬುದೇ ವಿದ್ವಾಂಸರಲ್ಲಿ ವಿವಾದಕ್ಕೆ ವಿಷಯವಾಗಿರುವಲ್ಲಿ ಅವನ ಮನೆಯನ್ನು ಕುರಿತು ಹೇಳತಕ್ಕದ್ದೇನಿದೆ? ಆದರೆ ಆ ಕಾಳಿದಾಸನ ಶಾಕುಂತಲವನ್ನು ಓದಿ ಮನಸೋತು, ಅದನ್ನು ಹೊಗಳಿ ಪದ್ಯವನ್ನು ಬರೆದ ಜರ್ಮನ್ ಮಹಾಕವಿ ಗಯಟೆಯ ಜನ್ಮಗೃಹವನ್ನು ಮೈನ್ ನದಿಯ ದಡದಲ್ಲಿರುವ ಫ್ರಾಂಕ್‌ಫರ್ಟ್ ನಗರದಲ್ಲಿ ಯಾತ್ರಿಕರು ಇಂದಿಗೂ ನೋಡಬಹುದು. ಬಾಗಿಲಿನಿಂದ ಮಾಳಿಗೆಯವರೆಗೆ ಎಲ್ಲವೂ ಹದಿನೆಂಟನೆಯ ಶತಮಾನದ ರೀತಿಯಲ್ಲಿಯೇ ಸಜ್ಜಾಗಿರುವ ಆ ಮನೆಯನ್ನು ಕಂಡವರಿಗೆ, ಕವಿಯು ಈಗತಾನೆ ಹೊರಗೆ ಹೋಗಿರುವನೋ ಎಂಬ ಭಾವನೆಯುಂಟಾಗುವುದು ಸಹಜ.

ಆದರೂ ಆ ಮನೆಯು ಹದಿನೆಂಟನೆಯ ಶತಮಾನದ್ದಲ್ಲ. ಗಯಟೆಯು ಹುಟ್ಟಿದ ಮನೆಯು ೧೯೪೪ನೆಯ ಇಸವಿ ಮಾರ್ಚಿ ತಿಂಗಳ ೨೨ರಂದು ವಿಮಾನದಾಳಿಯಲ್ಲಿ ಸುಟ್ಟು ಕುಸಿದುಹೋಯಿತು. ಈಗ ಇರುವುದು ಅದೇ ನಿವೇಶನದ ಮೇಲೆ ಪುನಃ ಕಟ್ಟಿ ೧೯೫೧ರಲ್ಲಿ ತೆರೆಯಲ್ಪಟ್ಟ ಮನೆ. ಹೀಗಿರಲಾಗಿ, ಅಲ್ಲಿಗೆ ಹೋದವನು ನೋಡುವುದು ಗಯಟೆಯ ಮನೆಯನ್ನೋ, ಅದರ ಪ್ರತಿಕೃತಿಯನ್ನೋ? ಪ್ರತಿಕೃತಿಯೇ ಆದಲ್ಲಿ ಅದನ್ನು ಕಟ್ಟಿದ್ದು ಯುಕ್ತವೋ, ಅಯುಕ್ತವೋ? ಈ ಎರಡು ಪ್ರಶ್ನೆಗಳನ್ನು ಮನೆಯ ಚರಿತ್ರೆಯಿಂದಲೂ ಭಾರತೀಯ ಶಾಸ್ತ್ರಗಳಲ್ಲಿ ಈ ವಿಷಯಕ್ಕೆ ಒದಗುವ ವಿಚಾರಗಳಿಂದಲೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮನೆಯಿರುವ ಬೀದಿಗೆ ಗ್ರೋಸರ್ ಹಿರ್ಷ್‌ಗ್ರಾಬೆನ್ ಎಂದು ಹೆಸರು. ಹಿರ್ಷ್ ಎಂದರೆ ಜಿಂಕೆ, ಗ್ರಾಬೆನ್ ಎಂದರೆ ಕಂದಕ. ಹಿಂದೆ ಅಲ್ಲಿ ಊರ ಹೊರಗಣ ಕಂದಕವಿದ್ದು, ಅದರಲ್ಲಿ ಜಿಂಕೆಗಳನ್ನು ಸಾಕುತ್ತಿದ್ದರೆಂಬುದು ಈ ಹೆಸರಿಗೆ ಕಾರಣ. ಗಯಟೆಯ ತಂದೆಯ ತಾಯಿಯು ೧೭೩೩ರಲ್ಲಿ ಇಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ಎರಡು ಹಳೆಯ ಮನೆಗಳನ್ನು ಕೊಂಡುಕೊಂಡಳು. ೧೭೪೯ನೆಯ ಇಸವಿ ಆಗಸ್ಟ್ ೨೮ರಂದು ಗಯಟೆಯು ಹುಟ್ಟಿದ್ದು ಈ ಜೋಡಿ ಮನೆಯಲ್ಲಿ. ಮನೆಗಳ ನೆಲಗಟ್ಟು ಒಂದೇ ಮಟ್ಟದಲ್ಲಿರಲಿಲ್ಲವಾದ ಕಾರಣ, ಒಂದರಿಂದ ಮತ್ತೊಂದಕ್ಕೆ ಹೋಗುವಾಗ ಮೆಟ್ಟಿಲು ಹತ್ತಿ ಇಳಿಯಬೇಕಾಗಿತ್ತು. ಅಜ್ಜಿಯು ತೀರಿಕೊಂಡ ಮೇಲೆ ತಂದೆಯಾದ ಯೋಹಾನ್ ಕಾಸ್ಪರ್ ಗಯಟೆಯು ೧೭೫೫-೫೬ರಲ್ಲಿ ಎರಡನ್ನೂ ಸೇರಿಸಿ ಒಂದೇ ಮನೆಯಾಗಿ ಕಟ್ಟಿಸಿದನು. ಆರು ವರ್ಷದ ಬಾಲಕನು ಗಾರೆ ಕೆಲಸದವನ ಉಡುಪನ್ನು ಧರಿಸಿ, ಕರಣೆಯನ್ನು ಹಿಡಿದು, ತನ್ನ ಕೈಯಿಂದಲೇ ಅಡಿಗಲ್ಲನ್ನು ಇಟ್ಟನು.

ಈ ಕಟ್ಟೋಣವು ನಡೆದ ಕ್ರಮವನ್ನು ಗಯಟೆಯು ತನ್ನ ಆತ್ಮಕಥೆಯ ಮೊದಲ ಭಾಗದಲ್ಲಿ ವಿವರಿಸಿರುತ್ತಾನೆ. ಅದು ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದುದರಿಂದ ಅದರ ಸಾರಾಂಶವನ್ನು ಇಲ್ಲಿ ಕೊಡುವುದು ಉಚಿತ. ಫ್ರಾಂಕ್‌ಫರ್ಟಿನ ಹಳೆಯ ಮನೆಗಳಲ್ಲಿ ಮೇಲಂತಸ್ತುಗಳು ಕೆಳಗಿನವುಗಳಿಗಿಂತ ಬೀದಿಯ ಕಡೆಗೆ ಮುಂದೆ ಚಾಚಿಕೊಂಡಿರುತ್ತಿದ್ದವು. ಇದರಿಂದ ಮನೆಯವರಿಗೆ ಸ್ಥಳವು ಹೆಚ್ಚುತ್ತಿತ್ತು; ಬೀದಿಗೆ ಬೆಳಕು ಕಡಮೆಯಾಗುತ್ತಿತ್ತು. ಆದುದರಿಂದ ಹೊಸದಾಗಿ ಕಟ್ಟುವವರು ಮೇಲಿನ ಅಂತಸ್ತುಗಳನ್ನು ಹಾಗೆ ಚಾಚಿಸಕೂಡದೆಂದು ನಿಬಂಧನೆಯಾಯಿತು. ಹಳೆಯ ಮನೆಯನ್ನು ಕೆಡವಿ ಕಟ್ಟಿದಲ್ಲಿ ಈ ನಿಬಂಧನೆಗೆ ಒಳಪಡಬೇಕಾಗುತ್ತಿತ್ತು; ದುರಸ್ತಿ ಮಾಡಿದಲ್ಲಿ ಒಳಪಡಬೇಕಾಗಿರಲಿಲ್ಲ. ತಂದೆಯು ಮೇಲಿನ ಭಾಗಕ್ಕೆ ಊರೆಗಂಬಗಳನ್ನು ಕೊಡಿಸಿ, ಕೆಳಗಿನಿಂದ ಹಳೆಯದನ್ನು ತುಸುತುಸುವಾಗಿ ತೆಗೆದು ಹೊಸದನ್ನು ಸೇರಿಸುತ್ತ ಬಂದನು. ಕೊನೆಗೆ ಹಳೆಯ ಮನೆಯಲ್ಲಿ ಏನೂ ಉಳಿಯಲಿಲ್ಲವೆನ್ನುವಂತಾದರೂ, ನಡೆದುದೆಲ್ಲವೂ ದುರಸ್ತಿಯ ಲೆಕ್ಕಕ್ಕೇ ಸೇರಿತು. ಕುಟುಂಬದವರು ಆ ಕಾಲದಲ್ಲಿಯೂ ಅಲ್ಲಿಯೇ ವಾಸವಾಗಿದ್ದರು. ಮೇಲ್ಛಾವಣಿಯನ್ನು ತೆಗೆದಾಗ ಮೇಣಬಟ್ಟೆಗಳನ್ನು ಹೊದಿಸಿದ್ದರೂ ಮಳೆಯ ನೀರು ಹಾಸಿಗೆಯವರೆಗೆ ಬಂದುದರಿಂದ, ಮಕ್ಕಳನ್ನು ಮಾತ್ರ ಕೆಲವು ಕಾಲ ಬೇರೆಡೆಗೆ ಕಳುಹಿಸಬೇಕಾಯಿತು.

ಇದರಿಂದ ತಿಳಿದುಬರುವುದೇನೆಂದರೆ, ೧೯೪೪ರಲ್ಲಿ ಉರಿದ ಮನೆಯು ೧೭೪೯ರಲ್ಲಿ ಕವಿಯು ಹುಟ್ಟಿದ ಮನೆಯೊಡನೆ ದ್ರವ್ಯದ ದೃಷ್ಟಿಯಿಂದ ಬಹುಮಟ್ಟಿಗೆ ಸಂಬಂಧವಿಲ್ಲದ್ದು. ಆದರೂ ಗಯಟೆಯಾಗಲಿ ಊರಿನವರಾಗಲಿ ಅದನ್ನು ಬೇರೆ ಮನೆಯೆಂದು ಎಣಿಸಲಿಲ್ಲ. ಹಳೆಯದು ಹೋಗಿ ಹೊಸದು ಬಂದರೂ 'ಅದೇ ಮನೆ' ಎಂಬ ವ್ಯವಹಾರವು ಇಲ್ಲಿ ಎರಡು ನೂರು ವರ್ಷಗಳ ಹಿಂದೆಯೇ ಆರಂಭವಾಗಿದ್ದಿತು.

೩

ಯುದ್ಧವು ಈ ಮನೆಯನ್ನು ಮೊದಲು ಮುಟ್ಟಿದ್ದು ೧೯೪೪ರಲ್ಲಲ್ಲ, ೧೭೫೯ರಲ್ಲಿ. ಆಗ ನಡೆಯುತ್ತಿದ್ದ ಏಳು ವರ್ಷಗಳ ಯುದ್ಧದಲ್ಲಿ ಫ್ರೆಂಚರ ಸೈನ್ಯವು ಆ ವರ್ಷದ ಆರಂಭದಲ್ಲಿ ನಗರವನ್ನು ಹೊಕ್ಕಿತು. ಕೌಂಟ್ ಥೋರಾಂಕ್ ಎಂಬ ಫ್ರೆಂಚ್ ಅಧಿಕಾರಿಯ ಬಿಡಾರಕ್ಕೆ ಗಯಟೆಯ ಮನೆಯೇ ಗೊತ್ತಾಯಿತು. ತಂದೆಯು ಪ್ರಷ್ಯದ ಅರಸನಾದ ಫ್ರೆಡರಿಕನ ಪಕ್ಷಪಾತಿ. ಹೊಸದಾಗಿ ಮುಗಿದು ನಿಂತ ತನ್ನ ಮನೆಯ ಉತ್ತಮವಾದ ಕೋಣೆಗಳನ್ನು ವೈರಿಗೆ ಬಿಟ್ಟುಕೊಡಬೇಕಾಗಿ ಬಂದುದು ಅವನಿಗೆ ಸಹಿಸಲಾಗಲಿಲ್ಲ. ಅದೇ ವರ್ಷ ಏಪ್ರಿಲ್ ೧೩ರಂದು ನಗರಕ್ಕೆ ಸಮೀಪದ ಬೆರ್ಗೆನ್ ಎಂಬಲ್ಲಿ ಯುದ್ಧವಾಗಿ ಫ್ರೆಂಚರು ಗೆದ್ದರು. ತನ್ನ ಪಕ್ಷವೇ ಗೆಲ್ಲುವುದೆಂದು ನಂಬಿದ್ದ ತಂದೆಯು ಮನೆಗೆ ಬಂದ ಥೋರಾಂಕನಿಗೆ ಎದುರು ನಿಂತು ಕಟುವಾದ ಮಾತನ್ನಾಡಿದನು. ಅಧಿಕಾರಿಯು ಅವನನ್ನು ಸೆರೆಹಿಡಿಯುವಂತೆ ಆಜ್ಞಾಪಿಸಿದನು. ಆ ರಾತ್ರಿ ದುಭಾಷಿಯು ಬಹಳವಾಗಿ ಬೇಡಿಕೊಂಡುದರಿಂದ ಆಪತ್ತು ಪರಿಹಾರವಾಯಿತು.

ಈ ಥೋರಾಂಕನು ಕಲಾರಸಿಕನಾಗಿದ್ದನು. ನಗರದ ಚಿತ್ರಕಾರರನ್ನು ಕರೆಸಿ ಅನೇಕ ಚಿತ್ರಗಳನ್ನು ಬರೆಯಿಸಿದನು. ಬಾಲಕ ಗಯಟೆಯ ಮಾಳಿಗೆಯ ಕೋಣೆಯೇ ಅವರ ಚಿತ್ರಶಾಲೆಯಾಯಿತು. ಅಲ್ಲಿ ನಿಂತು ನೋಡುತ್ತ ಬಾಲಕನು ಚಿತ್ರಕಲೆಯ ಮೊದಲ ಪಾಠಗಳನ್ನು ಕಲಿತನು. ಗೋಡೆಗಳಿಗೆ ಅಂಟಿಸಿದ್ದ ಹೊಸ ಚಿತ್ರದ ಕಾಗದವು ಕೆಟ್ಟೀತೆಂದು, ತನ್ನ ಭೂಪಟಗಳನ್ನು ತೂಗಹಾಕಲು ಮೊಳೆಗಳನ್ನು ಹೊಡೆಯಿಸುವುದಕ್ಕೂ ಆ ಅಧಿಕಾರಿಯು ಒಪ್ಪಲಿಲ್ಲವೆಂದು ಗಯಟೆಯು ಬರೆದಿರುತ್ತಾನೆ. ವೈರಿಯಾಗಿ ಬಂದವನು ಗೋಡೆಗೆ ಒಂದು ಮೊಳೆಯನ್ನು ಹೊಡೆಯಲು ಸಂಕೋಚಪಟ್ಟ ಮನೆಯಿದು. ಅಂದಿನ ಯುದ್ಧಕ್ಕೂ ಇಪ್ಪತ್ತನೆಯ ಶತಮಾನದ ಯುದ್ಧಕ್ಕೂ ಇರುವ ಅಂತರವನ್ನು ಈ ಒಂದು ಸಂಗತಿಯೇ ತಿಳಿಸುತ್ತದೆ.

ಗಯಟೆಯು ವ್ಯಾಸಂಗಕ್ಕಾಗಿ ಲೈಪ್‌ಜಿಗ್, ಸ್ಟ್ರಾಸ್‌ಬುರ್ಗ್ ನಗರಗಳಲ್ಲಿದ್ದ ಕಾಲವನ್ನು ಬಿಟ್ಟರೆ, ೧೭೭೫ರಲ್ಲಿ ವೈಮಾರಿಗೆ ಹೊರಡುವವರೆಗೂ ಇದೇ ಮನೆಯಲ್ಲಿದ್ದನು. ೧೭೭೪ರಲ್ಲಿ ಪ್ರಕಟವಾಗಿ ಯೂರೋಪಿನಲ್ಲೆಲ್ಲ ಅವನ ಹೆಸರನ್ನು ಹರಡಿದ ವೆರ್ಥರ್ ಕಾದಂಬರಿಯೂ, ಫೌಸ್ಟ್ ನಾಟಕದ ಮೊದಲ ಕರಡೂ ಇಲ್ಲಿ ಹುಟ್ಟಿದವು. ತಂದೆಯು ೧೭೮೨ರಲ್ಲಿ ತೀರಿಕೊಂಡನು. ತಾಯಿಯು ೧೭೯೫ರಲ್ಲಿ ಮನೆಯನ್ನು ಮಾರಿದಳು. ಮನೆಯಲ್ಲಿದ್ದ ಸಾಮಾನುಗಳು ಚದರಿಹೋದವು.

೪

ಫ್ರಾಂಕ್‌ಫರ್ಟಿನಲ್ಲಿ ೧೮೫೯ರಲ್ಲಿ ಓಟೋ ಫೋಲ್ಗರ್ ಎಂಬ ವಿದ್ವಾಂಸರ ಪ್ರಯತ್ನದಿಂದ ಸ್ಥಾಪಿತವಾದ ಫ್ರೈಯಸ್ ಡಾಯ್ಚಸ್ ಹೋಖ್‌ಷ್ಟಿಫ್ಟ್ ಎಂಬ ವಿದ್ವತ್ಸಂಸ್ಥೆಯು ೧೮೬೩ರಲ್ಲಿ ಈ ಮನೆಯನ್ನು ಸಂಪಾದಿಸಿತು. ನಡುವೆ ಮಾಡಿದ್ದ ಬದಲಾವಣೆಗಳನ್ನು ತೆಗೆದು, ಗಯಟೆಯ ಆತ್ಮಕಥೆಯಲ್ಲಿರುವ ವರ್ಣನೆಗಳನ್ನು ಅನುಸರಿಸಿ, ಮನೆಯನ್ನು ಪೂರ್ವಸ್ಥಿತಿಗೆ ತಂದು ಜನರಿಗೆ ತೆರೆದಿಟ್ಟಿತು. ಕುಟುಂಬಕ್ಕೇ ಸೇರಿದ್ದ ಕೆಲವು ವಸ್ತುಗಳನ್ನೂ, ಅವು ದೊರೆಯದೆಡೆಯಲ್ಲಿ ಅದೇ ಕಾಲದ ವಸ್ತುಗಳನ್ನೂ ಕಲೆಹಾಕಿತು. ತಂದೆಯ ಪುಸ್ತಕ ಭಂಡಾರದಲ್ಲಿ ಸುಮಾರು ೨೦೦೦ ಸಂಪುಟಗಳಿದ್ದವು. ಅವು ಹರಾಜಾಗಿ ಹೋಗಿದ್ದರೂ ಹರಾಜಿನ ಪಟ್ಟಿಯು ಉಳಿದಿದ್ದುದರಿಂದ, ಅದರ ಆಧಾರದಿಂದ ಆಯಾ ಗ್ರಂಥಗಳ ಬೇರೆ ಪ್ರತಿಗಳನ್ನು ಹುಡುಕಿ ಭಂಡಾರವನ್ನು ಮತ್ತೆ ಕೂಡಿಸುವ ಕಾರ್ಯವು ನಡೆಯಿತು.

೧೯೨೫ರಿಂದ ೧೯೬೦ರವರೆಗೆ ಈ ಸಂಸ್ಥೆಯ ನಿರ್ದೇಶಕರಾಗಿದ್ದವರು ಎರ್ನ್‌ಸ್ಟ್ ಬಾಯ್ಟ್ಲರ್. ಎರಡನೆಯ ಮಹಾಯುದ್ಧವು ಆರಂಭವಾದಾಗ ಅವರು ಮನೆಯೊಳಗಿನ ಪೀಠೋಪಕರಣ, ಚಿತ್ರ, ಪುಸ್ತಕ, ಹಸ್ತಲಿಖಿತಗಳನ್ನು ನಗರದಿಂದಾಚೆ ಸುರಕ್ಷಿತವಾದ ಸ್ಥಳಗಳಿಗೆ ಸಾಗಿಸಿದರು. ಮನೆಯ ಎಲ್ಲ ಭಾಗಗಳನ್ನೂ ಅಳೆಯಿಸಿ ನಕ್ಷೆಗಳನ್ನು ಬರೆಯಿಸಿ, ಛಾಯಾಚಿತ್ರಗಳನ್ನು ತೆಗೆಯಿಸಿ ಇಡಲಾಯಿತು. ಮುಂದೆ ಬಂದ ವಿಪತ್ತಿನಲ್ಲಿ ಇದರ ಪ್ರಯೋಜನವು ಗೊತ್ತಾಯಿತು.

೧೯೪೪ರ ಮಾರ್ಚಿ ತಿಂಗಳಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಫ್ರಾಂಕ್‌ಫರ್ಟಿನ ಮೇಲೆ ಒಂದರ ಹಿಂದೊಂದಾಗಿ ದಾಳಿ ನಡೆಸಿದವು. ೨೨ರ ರಾತ್ರಿಯ ದಾಳಿಯಲ್ಲಿ ಸುಮಾರು ಒಂದು ಸಾವಿರ ಜನರು ಸತ್ತರು. ಮಧ್ಯಯುಗದಿಂದ ನಿಂತಿದ್ದ ಹಳೆಯ ನಗರದ ಮರದ ಚೌಕಟ್ಟಿನ ಮನೆಗಳು ಬೀದಿಬೀದಿಯಾಗಿ ಉರಿದುಹೋದವು. ಗಯಟೆಯ ಮನೆಯೂ ಅವುಗಳೊಡನೆ ಬಿದ್ದಿತು. ಅಡಿಪಾಯವೂ ನೆಲದಂತಸ್ತಿನ ಗೋಡೆಗಳ ಕೆಲವು ಭಾಗಗಳೂ ಮಾತ್ರ ಕಲ್ಲುರಾಶಿಯ ನಡುವೆ ಉಳಿದವು. ಗಯಟೆಯು ವೈಮಾರಿನಲ್ಲಿ ತೀರಿಕೊಂಡದ್ದು ೧೮೩೨ರ ಮಾರ್ಚಿ ೨೨ರಂದು; ಅವನ ಮರಣದ ೧೧೨ನೆಯ ವರ್ಷದ ಅದೇ ದಿನ ಅವನ ಜನ್ಮಗೃಹವು ನಾಶವಾಯಿತು. ಅವನು ಕೊನೆಯವರೆಗೆ ವಾಸವಾಗಿದ್ದ ವೈಮಾರಿನ ಮನೆಗೂ ೧೯೪೫ರ ಫೆಬ್ರವರಿಯಲ್ಲಿ ಬಾಂಬು ತಗುಲಿ ಒಂದು ಭಾಗವು ಕೆಟ್ಟಿತು. ಅದನ್ನು ಸರಿಪಡಿಸಿ ೧೯೪೯ರಲ್ಲಿ ತೆರೆದರು. ಅಲ್ಲಿ ನಡೆದದ್ದು ದುರಸ್ತಿ. ಫ್ರಾಂಕ್‌ಫರ್ಟಿನಲ್ಲಾದರೋ ದುರಸ್ತಿಗೆ ಮನೆಯೇ ಉಳಿದಿರಲಿಲ್ಲ.

೫

ಯುದ್ಧವು ಮುಗಿದೊಡನೆ ಬಾಯ್ಟ್ಲರ್ ಅವರು ಮನೆಯನ್ನು ಮೊದಲಿದ್ದಂತೆಯೇ ಕಟ್ಟಬೇಕೆಂದು ಪ್ರತಿಪಾದಿಸಿದರು. ನಕ್ಷೆಗಳಿವೆ, ಅಳತೆಗಳಿವೆ, ಒಳಗಿನ ವಸ್ತುಗಳಿವೆ. ಗಯಟೆಯ ಆತ್ಮಕಥೆಯ ಓದುಗನಿಗೆ ಪ್ರತಿಯೊಂದು ಕೋಣೆಗೂ ಅರ್ಥವಿದೆ. ಗೋಡೆಗಳಿಲ್ಲವೆಂಬ ಒಂದೇ ಕಾರಣದಿಂದ ಅವೆಲ್ಲವನ್ನೂ ಅನಾಥವಾಗಿ ಬಿಡಬೇಕೇ ಎಂಬುದು ಈ ಪಕ್ಷದ ತಾತ್ಪರ್ಯ. ಕಾದಂಬರಿಕಾರ ಹರ್ಮನ್ ಹೆಸ್ಸೆಯವರೂ ಇದನ್ನು ಬೆಂಬಲಿಸಿದರು.

ಇದಕ್ಕೆ ಬಲವಾದ ಪ್ರತಿಪಕ್ಷವು ಎದ್ದಿತು. ವಾಸ್ತುಶಿಲ್ಪಿಗಳಲ್ಲಿ ಓಟೋ ಬಾರ್ಟ್ನಿಂಗ್ ಮೊದಲಾದವರು, ಇಲ್ಲದ ಮನೆಯನ್ನು ಇದೆಯೆಂದು ತೋರಿಸುವುದು ಸತ್ಯಕ್ಕೆ ವಿರುದ್ಧವೆಂದರು. ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪವನ್ನೆತ್ತಿದವರು ವಾಲ್ಟರ್ ಡಿರ್ಕ್ಸ್. ೧೯೪೭ರಲ್ಲಿ ಫ್ರಾಂಕ್‌ಫರ್ಟಿನ ಮಾಸಪತ್ರಿಕೆಯೊಂದರಲ್ಲಿ ಅವರು ಬರೆದ ಲೇಖನದ ಶೀರ್ಷಿಕೆಗೆ 'ಅಗಲಿಕೆಗೆ ಬೇಕಾದ ಧೈರ್ಯ' ಎಂದು ಅರ್ಥ. ಮನೆಯು ಅಕಸ್ಮಾತ್ತಾಗಿ ಸುಡಲಿಲ್ಲ. ಸಿಡಿಲಿನಿಂದಲೋ ಒಲೆಯ ಕಿಡಿಯಿಂದಲೋ ಉರಿಯಲಿಲ್ಲ. ಗಯಟೆಯ ದೇಶವು ಗಯಟೆಯ ಮಾರ್ಗವನ್ನು ಬಿಟ್ಟು ಹಿಡಿದ ದಾರಿಯೇ ಆ ಬೆಂಕಿಗೆ ಕಾರಣ. ಆದುದರಿಂದ ಈ ನಾಶಕ್ಕೆ ಅರ್ಥವಿದೆ. ಅದನ್ನು ಒಪ್ಪಿಕೊಳ್ಳಬೇಕಲ್ಲದೆ ಏನೂ ಆಗಲಿಲ್ಲವೆಂಬಂತೆ ಮನೆಯನ್ನು ಮತ್ತೆ ನಿಲ್ಲಿಸಕೂಡದು. ಇದು ಅವರ ವಾದದ ಸಾರ.

ಈ ವಾದದ ಬಲವನ್ನು ತಿಳಿಯಲು ಆ ನಗರದ ಹಿಂದಿನ ಹತ್ತು ಹನ್ನೊಂದು ವರ್ಷಗಳ ಚರಿತ್ರೆಯನ್ನು ನೆನೆಯಬೇಕು. ಮನೆಗೆ ಅನತಿದೂರದಲ್ಲಿರುವ ರೋಮರ್‌ಬೆರ್ಗ್ ಎಂಬ ಚೌಕದಲ್ಲಿ ೧೯೩೩ರ ಮೇ ೧೦ರಂದು ನಾಟ್ಸಿ ಪಕ್ಷದ ವಿದ್ಯಾರ್ಥಿಗಳು ಗ್ರಂಥಗಳನ್ನು ರಾಶಿ ಹಾಕಿ ಸುಟ್ಟರು. ೧೯೩೮ರ ನವೆಂಬರಿನಲ್ಲಿ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ ಬೆಂಕಿಯಿಟ್ಟರು. ೧೯೪೧ರ ಅಕ್ಟೋಬರಿನಿಂದ ಮೊದಲಾಗಿ, ಶತಮಾನಗಳಿಂದ ಅಲ್ಲಿ ಬಾಳಿದ್ದ ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ಸಾವಿನ ಕಡೆಗೆ ಕಳುಹಿಸಿದರು. ಗಯಟೆಯ ಮನೆಯ ಬೆಂಕಿಯು ಈ ಬೆಂಕಿಗಳ ತರುವಾಯ ಬಂದದ್ದು.

ವಾದವಿವಾದಗಳ ಬಳಿಕ ಪುನರ್ನಿರ್ಮಾಣದ ಪಕ್ಷವೇ ಗೆದ್ದಿತು. ೧೯೪೭ರ ಜುಲೈ ೫ರಂದು ಅಡಿಗಲ್ಲನ್ನಿಟ್ಟರು. ಥಿಯೋ ಕೆಲ್ನರ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ, ಹಳೆಯ ಅಡಿಪಾಯದ ಮೇಲೆ, ಹಳೆಯ ಅಳತೆಗಳನ್ನು ಮೀರದೆ, ಅವಶೇಷಗಳಲ್ಲಿ ದೊರೆತ ಭಾಗಗಳನ್ನು ಉಪಯೋಗಿಸಿಕೊಂಡು ಕೆಲಸವು ನಡೆಯಿತು. ೧೯೫೧ರ ಮೇ ೧೦ರಂದು ಅಧ್ಯಕ್ಷ ಥಿಯೋಡೋರ್ ಹಾಯ್ಸ್ ಅವರ ಸಮ್ಮುಖದಲ್ಲಿ ಮನೆಯು ತೆರೆಯಲ್ಪಟ್ಟಿತು. ಗ್ರಂಥದಹನವಾದ ದಿನಕ್ಕೆ ಅಂದಿಗೆ ಸರಿಯಾಗಿ ಹದಿನೆಂಟು ವರ್ಷಗಳು ತುಂಬಿದ್ದವು.

೬

ಈಗ ಯಾತ್ರಿಕನು ಕಾಣತಕ್ಕದ್ದನ್ನು ಸಂಕ್ಷೇಪವಾಗಿ ಹೇಳಬಹುದು. ನೆಲದಂತಸ್ತಿನಲ್ಲಿ ಊಟದ ಮನೆಯೂ ಅಡಿಗೆಯ ಮನೆಯೂ ಇವೆ. ಅಡಿಗೆಯ ಮನೆಯೊಳಗೆಯೇ ನೀರನ್ನೆತ್ತುವ ಪಂಪು ಇರುವುದು ಗಮನಾರ್ಹ. ಊರಿನವರು ಬೀದಿಯ ಬಾವಿಗಳಿಂದ ನೀರು ತರುತ್ತಿದ್ದ ಕಾಲದಲ್ಲಿ ಇದು ಶ್ರೀಮಂತಿಕೆಯ ಗುರುತು. ಅಗಲವಾದ ಮೆಟ್ಟಿಲುಗಳ ಕಬ್ಬಿಣದ ಕಟಾಂಜನದಲ್ಲಿ ತಂದೆತಾಯಿಗಳ ಹೆಸರಿನ ಮೊದಲಕ್ಷರಗಳನ್ನು ಹೆಣೆದಿದೆ. ಮೊದಲನೆಯ ಮಹಡಿಯಲ್ಲಿ ಚೀನೀ ರೀತಿಯ ಚಿತ್ರಗಳಿರುವ ಕಾಗದವನ್ನು ಗೋಡೆಗಂಟಿಸಿದ, ಪೀಕಿಂಗ್ ಎಂಬ ಹೆಸರಿನ ಅತಿಥಿಶಾಲೆಯೂ ಸಂಗೀತದ ಕೋಣೆಯೂ ಇವೆ. ಎರಡನೆಯ ಮಹಡಿಯಲ್ಲಿ ತಂದೆಯ ಪುಸ್ತಕ ಭಂಡಾರ, ಚಿತ್ರಶಾಲೆ, ತಾಯಿಯ ಕೋಣೆ, ಗಯಟೆಯು ಹುಟ್ಟಿದ ಕೋಣೆಯೆಂದು ತೋರಿಸುವ ಸ್ಥಳ ಇವಿವೆ. ಪುಸ್ತಕ ಭಂಡಾರದ ಪಕ್ಕದ ಗೋಡೆಯಲ್ಲಿ ಬೀದಿಯ ಕಡೆಗೊಂದು ಚಿಕ್ಕ ಕಿಟಕಿಯಿದ್ದು, ಮಗನು ಎಷ್ಟು ಹೊತ್ತಿಗೆ ಮನೆಗೆ ಬರುವನೆಂಬುದನ್ನು ತಂದೆಯು ಅದರಿಂದ ನೋಡುತ್ತಿದ್ದನೆಂದು ಹೇಳುತ್ತಾರೆ. ಅದೇ ಮಹಡಿಯ ಮೊಗಸಾಲೆಯಲ್ಲಿ ಗ್ರಹಗತಿಗಳನ್ನು ತೋರಿಸುವ, ೧೭೪೬ರಲ್ಲಿ ಮಾಡಿದ ದೊಡ್ಡ ಗಡಿಯಾರವಿದೆ. ಮೂರನೆಯ ಮಹಡಿಯಲ್ಲಿ ಕವಿಯು ನಿಂತು ಬರೆಯುತ್ತಿದ್ದ ರೀತಿಯ ಎತ್ತರದ ಮೇಜಿನೊಡನೆ ಅವನ ಕೋಣೆಯೂ, ೧೭೫೩ರಲ್ಲಿ ಅಜ್ಜಿಯು ಕೊಟ್ಟ ಬೊಂಬೆಯಾಟದ ರಂಗಸ್ಥಳವನ್ನಿರಿಸಿರುವ ಕೋಣೆಯೂ ಇವೆ. ಮನೆಗೆ ಹೊಂದಿಕೊಂಡು ವಸ್ತುಸಂಗ್ರಹಾಲಯವಿದೆ. ೨೦೨೧ರಲ್ಲಿ ಜರ್ಮನ್ ರಮ್ಯಪಂಥದ ಸಾಹಿತ್ಯಕ್ಕೆ ಮೀಸಲಾದ ಮತ್ತೊಂದು ಸಂಗ್ರಹಾಲಯವನ್ನು ಪಕ್ಕದಲ್ಲಿಯೇ ತೆರೆದರು.

ಯುದ್ಧದ ಗಾಯವನ್ನು ಹುಡುಕುವವನಿಗೆ ಅದು ಈ ಕೋಣೆಗಳಲ್ಲಿ ಸುಲಭವಾಗಿ ಕಾಣಿಸದು. ಬೀದಿಗೆ ಬಂದು ತಿರುಗಿ ನೋಡಿದರೆ ಕಾಣಿಸುತ್ತದೆ. ಹಿಂದೆ ಈ ಮನೆಯು ತನ್ನಂತಹ ಮನೆಗಳ ಸಾಲಿನಲ್ಲಿ ಒಂದಾಗಿದ್ದಿತು. ಈಗ ಅದರ ಸುತ್ತಲೂ ಯುದ್ಧಾನಂತರದ ಕಟ್ಟಡಗಳು. ನಡುವೆ ಹಳೆಯ ರೂಪದ ಮನೆ ಇದೊಂದೇ. ಸಾಲು ಹೋದದ್ದೇ ಗಾಯ. ನೆರೆಯವರ ಮನೆಗಳಲ್ಲಿ ಕವಿಗಳು ಹುಟ್ಟಿರಲಿಲ್ಲವಾದ ಕಾರಣ ಅವುಗಳ ನಕ್ಷೆಗಳನ್ನು ಯಾರೂ ತೆಗೆದಿಟ್ಟಿರಲಿಲ್ಲ.

೭

ಇನ್ನು ಮೊದಲನೆಯ ಪ್ರಶ್ನೆ. ಇದು ಅದೇ ಮನೆಯೇ? 'ಸೋಽಯಂ ದೇವದತ್ತಃ', ಆ ದೇವದತ್ತನೇ ಇವನು, ಎಂಬ ಜ್ಞಾನಕ್ಕೆ ಶಾಸ್ತ್ರಕಾರರು ಪ್ರತ್ಯಭಿಜ್ಞೆಯೆಂದು ಹೆಸರಿಡುತ್ತಾರೆ. ಹಿಂದೆ ಕಂಡ ವಸ್ತುವೂ ಈಗ ಕಾಣುತ್ತಿರುವ ವಸ್ತುವೂ ಒಂದೇ ಎಂಬುದು ಇದರ ವಿಷಯ. ಬೌದ್ಧರು ಇದನ್ನು ಒಪ್ಪುವುದಿಲ್ಲ. ಕತ್ತರಿಸಿದ ಮೇಲೆ ಮತ್ತೆ ಬೆಳೆದ ಕೂದಲು ಉಗುರುಗಳನ್ನು ಕಂಡು 'ಅವೇ ಇವು' ಎನ್ನುವುದು ಹೇಗೆ ಸಾದೃಶ್ಯದಿಂದಾದ ಭ್ರಾಂತಿಯೋ, ಎಲ್ಲ ಪ್ರತ್ಯಭಿಜ್ಞೆಯೂ ಹಾಗೆಯೇ ಎಂಬುದು ಅವರ ಮತ. ಈ ಮತದಲ್ಲಿ ಸುಡದೆ ನಿಂತ ಮನೆಯೂ ನಿನ್ನೆಯ ಮನೆಯಲ್ಲವಾದುದರಿಂದ, ಫ್ರಾಂಕ್‌ಫರ್ಟಿನ ಮನೆಗೆ ವಿಶೇಷವಾದ ದೋಷವೇನೂ ಬರುವುದಿಲ್ಲ. ವಿಶೇಷವಾದ ಸಮಾಧಾನವೂ ದೊರೆಯುವುದಿಲ್ಲ.

ನೈಯಾಯಿಕರ ಮತವು ಇಲ್ಲಿ ಹೆಚ್ಚು ಉಪಕಾರಕ. ಅವಯವಗಳು ಬೇರೆಯಾದರೆ ಅವಯವಿಯೂ ಬೇರೆ. ಬಟ್ಟೆಯಿಂದ ಒಂದು ನೂಲನ್ನು ತೆಗೆದರೂ ಹಳೆಯ ಬಟ್ಟೆಯು ನಾಶವಾಗಿ ಹೊಸದೊಂದು ಖಂಡಪಟವು ಹುಟ್ಟುವುದೆಂದು ಅವರು ಹೇಳುತ್ತಾರೆ. ಈ ಲೆಕ್ಕದಲ್ಲಿ ೧೭೫೬ರ ಮನೆಯೂ ೧೯೫೧ರ ಮನೆಯೂ ಎರಡೂ ಹೊಸವೇ. ಆದರೆ 'ಅವನು ಸೇವಿಸಿದ ಔಷಧವನ್ನೇ ಇವನೂ ಸೇವಿಸಿದನು' ಎಂಬ ಮಾತು ಸುಳ್ಳಲ್ಲ. ಅಲ್ಲಿ 'ಅದೇ' ಎಂಬುದಕ್ಕೆ ಅದೇ ವ್ಯಕ್ತಿಯೆಂದು ಅರ್ಥವಲ್ಲ, ಅದೇ ಜಾತಿಯದೆಂದು ಅರ್ಥ. ತಂದೆಯ ಪುಸ್ತಕ ಭಂಡಾರವು ಇದಕ್ಕೆ ಸರಿಯಾದ ಉದಾಹರಣೆ. ಅಲ್ಲಿರುವ ಪ್ರತಿಗಳನ್ನು ತಂದೆಯ ಕೈಗಳು ಮುಟ್ಟಿರಲಿಲ್ಲ. ಆದರೂ ಅವನು ಓದಿದ್ದು ಅದೇ ಗ್ರಂಥಗಳನ್ನು. ಗ್ರಂಥಕ್ಕೆ ಈ ಸಮಾಧಾನವು ಪೂರ್ಣವಾಗಿ ಒಪ್ಪುತ್ತದೆ. ಮನೆಗೆ ಅರ್ಧ ಒಪ್ಪುತ್ತದೆ. ಏಕೆಂದರೆ ಗ್ರಂಥವನ್ನು ಬಯಸುವವನು ಅರ್ಥವನ್ನು ಬಯಸುತ್ತಾನೆ. ಜನ್ಮಗೃಹಕ್ಕೆ ಬರುವವನು ಆ ಕಲ್ಲನ್ನೂ ಆ ಮರವನ್ನೂ ಬಯಸಿ ಬರುತ್ತಾನೆ. ಅವನಿಗೆ ಸಜಾತೀಯವನ್ನು ಕೊಟ್ಟು ಅದೇ ವ್ಯಕ್ತಿಯೆಂದು ನಂಬಿಸಿದಲ್ಲಿ ಅದು ವಂಚನೆಯಾಗುತ್ತದೆ. ಸಜಾತೀಯವೆಂದು ಹೇಳಿಯೇ ಕೊಟ್ಟಲ್ಲಿ ವಂಚನೆಯಿಲ್ಲ.

೮

ಎರಡನೆಯ ಪ್ರಶ್ನೆಗೆ ಶಿಲ್ಪಾಗಮಗಳ ಕಡೆಗೆ ನೋಡಬೇಕು. ಮಯಮತದ ೩೫ನೆಯ ಅಧ್ಯಾಯವು ಜೀರ್ಣವಾದ ಕಟ್ಟಡಗಳ ಉದ್ಧಾರಕ್ಕೇ ಮೀಸಲಾಗಿದೆ. ಲಕ್ಷಣಗಳು ಇನ್ನೂ ಗುರುತಿಸಲು ಬರುವಂತಿದ್ದರೆ ಅದರ ದ್ರವ್ಯದಿಂದಲೇ ಸರಿಪಡಿಸಬೇಕು, ಹಿಂದಿದ್ದ ಎತ್ತರ ಅಗಲಗಳನ್ನು ಮೀರಬಾರದು, ಮೊದಲಿಲ್ಲದುದನ್ನು ಸೇರಿಸಬಾರದು, ಬಲ್ಲವರ ಅನುಮತಿಯಿಲ್ಲದೆ ಕೈಹಾಕಬಾರದು ಎಂಬುದು ಅಲ್ಲಿಯ ವಿಧಿಗಳ ಸಾರ. ಕೆಲ್ನರ್ ಮಾಡಿದ ಕೆಲಸವನ್ನು ಈ ಮಾನದಂಡದಿಂದ ಅಳೆದರೆ ದೋಷವು ಕಾಣುವುದಿಲ್ಲ.

ಇನ್ನೊಂದು ಸಾಮ್ಯವೂ ಇದೆ. ದೇವಾಲಯವನ್ನು ಬಿಚ್ಚಿ ಕಟ್ಟುವ ಮೊದಲು ಬಿಂಬದ ಸಾನ್ನಿಧ್ಯವನ್ನು ಕುಂಭಕ್ಕೆ ಆವಾಹಿಸಿ, ಬಾಲಾಲಯದಲ್ಲಿರಿಸಿ ಪೂಜಿಸುತ್ತಾರೆ. ಕೆಲಸ ಮುಗಿದ ಮೇಲೆ ಸಾನ್ನಿಧ್ಯವನ್ನು ಮತ್ತೆ ಮೂಲಸ್ಥಾನಕ್ಕೆ ತರುತ್ತಾರೆ. ಗೋಡೆಗಳು ಹೊಸವಾದರೂ ದೇವರು ಹೊಸಬನಲ್ಲವೆಂಬ ನಂಬಿಕೆಗೆ ಇದೇ ಆಧಾರ. ಬಾಯ್ಟ್ಲರ್ ಅವರು ಯುದ್ಧವು ಆರಂಭವಾದಾಗ ಮನೆಯ ವಸ್ತುಗಳನ್ನು ಹೊರಗೆ ಸಾಗಿಸಿ, ಮನೆ ಎದ್ದ ಮೇಲೆ ಒಳಕ್ಕೆ ತಂದುದು ಲೌಕಿಕವಾಗಿ ಇದೇ ಕ್ರಮ. ಬೆಂಕಿಯು ಸುಟ್ಟದ್ದು ಆಲಯವನ್ನು. ಒಳಗಿದ್ದುದು ಅಷ್ಟರಲ್ಲಿಯೇ ಹೊರಗೆ ಬಂದಿದ್ದಿತು. ವಸ್ತುಗಳೂ ಸುಟ್ಟುಹೋಗಿದ್ದರೆ ಪುನರ್ನಿರ್ಮಾಣದ ಪಕ್ಷಕ್ಕೆ ಇಷ್ಟು ಬಲವಿರುತ್ತಿರಲಿಲ್ಲ.

ಆದರೆ ಇಷ್ಟರಿಂದ ಡಿರ್ಕ್ಸ್ ಅವರ ಆಕ್ಷೇಪವು ಪರಿಹಾರವಾಗುವುದಿಲ್ಲ. ಜೀರ್ಣೋದ್ಧಾರದ ವಿಧಿಯು ಕಾಲದಿಂದ ಜೀರ್ಣವಾದುದಕ್ಕೆ ಹೇಳಿದ್ದು, ಕಾಲವು ಅಪರಾಧಿಯಲ್ಲ. ಇಲ್ಲಿ ನಾಶಕ್ಕೆ ಮೂಲವು ಅಪರಾಧ. ಅಗ್ನಿದಾಹ, ರಕ್ತಸ್ಪರ್ಶ ಮುಂತಾದ ದೋಷಗಳು ತಗುಲಿದ ಆಲಯಕ್ಕೆ ಆಗಮಗಳು ಬರಿಯ ಕಟ್ಟೋಣವನ್ನು ವಿಧಿಸುವುದಿಲ್ಲ, ಪ್ರಾಯಶ್ಚಿತ್ತವನ್ನೂ ವಿಧಿಸುತ್ತವೆ. ಪ್ರಾಯಶ್ಚಿತ್ತದ ಅಂಗಗಳಲ್ಲಿ ಮನುಸ್ಮೃತಿಯು ಮೊದಲು ಎಣಿಸುವುದು ಖ್ಯಾಪನ ಮತ್ತು ಅನುತಾಪಗಳನ್ನು. ಖ್ಯಾಪನವೆಂದರೆ ಮಾಡಿದುದನ್ನು ಬಾಯಿಬಿಟ್ಟು ಎಲ್ಲರಿಗೂ ತಿಳಿಸುವುದು. ಡಿರ್ಕ್ಸ್ ಅವರು ಅಂಜಿದ್ದು ಗೋಡೆಗಳಿಗಲ್ಲ, ಖ್ಯಾಪನವಿ‌ಲ್ಲದ ಗೋಡೆಗಳಿಗೆ. ಮನೆಯು ಮೊದಲಿದ್ದಂತೆ ನಿಂತರೆ ಅದು ಬಿದ್ದದ್ದನ್ನೂ ಏಕೆ ಬಿದ್ದಿತೆಂಬುದನ್ನೂ ಜನರು ಮರೆತಾರೆಂಬುದೇ ಅವರ ಭಯ. ಆದುದರಿಂದ ಈ ಎರಡು ಪಕ್ಷಗಳಿಗೂ ಸಮನ್ವಯವುಂಟು. ಮನೆಯನ್ನು ಕಟ್ಟಿದ್ದು ತಪ್ಪಲ್ಲ. ಕಟ್ಟಿದ್ದೆಂಬುದನ್ನು ಮರೆಸಿದರೆ ತಪ್ಪಾಗುತ್ತದೆ. ೧೯೪೪ರಲ್ಲಿ ಮನೆಯು ನಾಶವಾದುದನ್ನೂ ಆಮೇಲೆ ಕಟ್ಟಿದುದನ್ನೂ ಸಂಸ್ಥೆಯವರು ಬಂದವರಿಗೆ ಮುಚ್ಚಿಡದೆ ತಿಳಿಸುತ್ತಾರೆಂಬುದು ಸಂತೋಷದ ಸಂಗತಿ. ಉಳಿದದ್ದು ನೋಡುವವನ ಹೊಣೆ.

ಈ ಪ್ರಶ್ನೆಯು ಅಲ್ಲಿಗೇ ಮುಗಿದಿಲ್ಲ. ಅದೇ ನಗರದ ಪ್ರಧಾನ ದೇವಾಲಯಕ್ಕೂ ರೋಮರ್‌ಬೆರ್ಗ್ ಚೌಕಕ್ಕೂ ನಡುವಣ ಪ್ರದೇಶದಲ್ಲಿ, ೨೦೧೮ರಲ್ಲಿ ಮುಗಿದ ಯೋಜನೆಯೊಂದರಿಂದ ೩೫ ಕಟ್ಟಡಗಳೆದ್ದವು. ಅವುಗಳಲ್ಲಿ ೧೫ ಯುದ್ಧದಲ್ಲಿ ನಾಶವಾದ ಮನೆಗಳ ಪ್ರತಿರೂಪಗಳು. ಆಗಲೂ ಹಳೆಯ ವಾದವೇ ಮತ್ತೆ ಕೇಳಿಬಂದಿತು.

೯

ಕೊನೆಯಲ್ಲಿ ಶಾಕುಂತಲದ ಮಾತನ್ನು ಹೇಳುವುದು ಅಪ್ರಸ್ತುತವಾಗದು. ವಿಲಿಯಂ ಜೋನ್ಸ್ ೧೭೮೯ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಭಾಷಾಂತರದಿಂದ ಗಿಯೋರ್ಗ್ ಫೋರ್ಸ್ಟರ್ ಎಂಬವನು ಆ ನಾಟಕವನ್ನು ಜರ್ಮನ್ ಭಾಷೆಗೆ ತಂದು ೧೭೯೧ರಲ್ಲಿ ಪ್ರಕಟಿಸಿದನು. ಫೋರ್ಸ್ಟರನು ಆಗ ಇದ್ದದ್ದು ಫ್ರಾಂಕ್‌ಫರ್ಟಿಗೆ ಸಮೀಪದ ಮೈನ್ಸ್ ನಗರದಲ್ಲಿ. ವೈಮಾರಿನಲ್ಲಿ ಅದನ್ನೋದಿದ ಗಯಟೆಯು ಅದೇ ವರ್ಷ ತನ್ನ ಪ್ರಸಿದ್ಧವಾದ ಪ್ರಶಂಸಾಪದ್ಯವನ್ನು ಬರೆದನು. ೧೮೦೮ರಲ್ಲಿ ಪ್ರಕಟವಾದ ಫೌಸ್ಟ್ ಮೊದಲ ಭಾಗದ ಆದಿಯಲ್ಲಿ ನಾಟಕಮಂಡಲಿಯವರೇ ಮಾತನಾಡಿಕೊಳ್ಳುವ ಪ್ರಸ್ತಾವನೆಗೆ ಶಾಕುಂತಲದ ಸೂತ್ರಧಾರ-ನಟಿಯರ ಪ್ರಸ್ತಾವನೆಯೇ ಮಾದರಿಯೆಂದು ವಿದ್ವಾಂಸರು ಹೇಳುತ್ತಾರೆ. ೧೮೩೦ರಲ್ಲಿ, ತನ್ನ ೮೧ನೆಯ ವಯಸ್ಸಿನಲ್ಲಿಯೂ, ಆ ನಾಟಕವನ್ನು ಮೂಲದೊಡನೆ ಫ್ರಾನ್ಸಿನಲ್ಲಿ ಪ್ರಕಟಿಸಿದ ಷೇಜಿ ಎಂಬ ಪಂಡಿತನಿಗೆ ಅವನು ಕೃತಜ್ಞತೆಯ ಪತ್ರವನ್ನು ಬರೆದನು.

ಆ ನಾಟಕಕ್ಕೆ ಕಾಳಿದಾಸನು ಕೊಟ್ಟ ಹೆಸರಿನಲ್ಲಿಯೇ ಅಭಿಜ್ಞಾನವಿದೆ. ಕಳೆದುಹೋದ ಉಂಗುರವು ಬೆಸ್ತನ ಕೈಗೆ ಸಿಕ್ಕಿ ರಾಜನ ಮುಂದೆ ಬಂದಾಗ ಅವನಿಗೆ ಮರೆತುದೆಲ್ಲವೂ ನೆನಪಾಗುತ್ತದೆ. ಆದರೆ ಉಂಗುರವು ಸಿಕ್ಕಿದೊಡನೆ ಶಕುಂತಲೆಯು ಸಿಕ್ಕುವುದಿಲ್ಲ. ನಡುವೆ ಆರನೆಯ ಅಂಕವಿದೆ. ಅದು ಉದ್ದಕ್ಕೂ ದುಷ್ಯಂತನ ಅನುತಾಪ. ಅದನ್ನು ದಾಟಿದ ಮೇಲೆಯೇ ಏಳನೆಯ ಅಂಕದ ಸಮಾಗಮ. ಫ್ರಾಂಕ್‌ಫರ್ಟಿನ ಮನೆಯಲ್ಲಿ ಉಳಿದುಬಂದ ವಸ್ತುಗಳೂ ಅಡಿಪಾಯದ ಕಲ್ಲುಗಳೂ ಉಂಗುರದ ಸ್ಥಾನದಲ್ಲಿವೆ. ಅವುಗಳಿಂದ ಹಳೆಯ ಮನೆಯ ನೆನಪು ಬರುತ್ತದೆ; ನೆನಪು ಬಂದಲ್ಲಿ ಅದು ಹೋದ ಬಗೆಯೂ ನೆನಪಾಗಬೇಕು. ಎರಡೂ ಕೂಡಿದರೆ ಆ ಮನೆಯ ದರ್ಶನವು ಪೂರ್ಣವಾಯಿತೆಂದು ತಿಳಿಯಬೇಕು.